ಕಡತದಿಂದ ಮೋಡದವರೆಗೆ: ಸಣ್ಣ ಅಂಗಡಿಯ ಲೆಕ್ಕವೂ ಅದರ ಬಾಡಿಗೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬಯಲುಸೀಮೆಯ ಭಾಗಗಳು. ಶೇಂಗಾ, ಜೋಳ, ಮೆಕ್ಕೆಜೋಳ, ಹುಣಸೆಹಣ್ಣು, ಹಡಗಲಿಯ ಮಲ್ಲಿಗೆ, ಕೊಟ್ಟೂರಿನ ಮಂಡಕ್ಕಿ ಮೊದಲಾದವು ಇಲ್ಲಿಯ ಪೇಟೆಗಳ ಸರಕು. ಬೆಳೆ ಕೈಗೆ ಬಂದ ವರ್ಷ ಅಂಗಡಿಯಲ್ಲಿ ನಗದು ಓಡಾಡುತ್ತದೆ. ಬಾರದ ವರ್ಷ ಎಲ್ಲವೂ ಉದ್ರಿ. ಇಂತಹ ಸೀಮೆಯಲ್ಲಿ ಲೆಕ್ಕವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ವ್ಯಾಪಾರಿಯ ಪಾಲಿಗೆ ಜೀವನದ ಆಧಾರವೇ ಆಗಿರುತ್ತದೆ.

ಈಚಿನ ವರ್ಷಗಳಲ್ಲಿ ಈ ಲೆಕ್ಕವು ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕವನ್ನು ಬಿಟ್ಟು ಮೊಬೈಲ್ ಮತ್ತು ಕಂಪ್ಯೂಟರುಗಳನ್ನು ಸೇರತೊಡಗಿದೆ. 2016ರಲ್ಲಿ ಬಂದ ಯುಪಿಐ ಪಾವತಿ, 2017ರಲ್ಲಿ ಜಾರಿಯಾದ ಸರಕು ಮತ್ತು ಸೇವಾ ತೆರಿಗೆ—ಇವೆರಡೂ ಈ ಬದಲಾವಣೆಗೆ ವೇಗವನ್ನು ಕೊಟ್ಟುವು. ಲೆಕ್ಕದ ಪುಸ್ತಕವಾದರೋ ಅಂಗಡಿಯ ಗಲ್ಲದ ಪಕ್ಕದಲ್ಲಿರುತ್ತಿತ್ತು. ಈಗಿನ ಲೆಕ್ಕ ಇರುವುದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವ ದೊಡ್ಡ ಕಟ್ಟಡವೊಂದರ ಯಂತ್ರಗಳಲ್ಲಿ. ಇದನ್ನೇ ಜನರು ‘ಕ್ಲೌಡ್’, ಎಂದರೆ ಮೋಡ, ಎಂದು ಕರೆಯುತ್ತಾರೆ. ಹೆಸರು ಆಕಾಶದ್ದಾದರೂ ವಸ್ತುಸ್ಥಿತಿ ನೆಲದ್ದೇ: ಅದು ಇನ್ನೊಬ್ಬರ ಉಗ್ರಾಣದಲ್ಲಿ ನಾವು ಹಿಡಿದ ಬಾಡಿಗೆಯ ಜಾಗ. ಪುಸ್ತಕವನ್ನು ಒಮ್ಮೆ ಕೊಂಡರೆ ಮುಗಿಯಿತು. ಈ ಜಾಗಕ್ಕಾದರೋ ತಿಂಗಳು ತಿಂಗಳೂ ಬಾಡಿಗೆ ಸಲ್ಲಬೇಕು. ಇಟ್ಟ ಸಾಮಾನು ಬೆಳೆದಂತೆಲ್ಲ ಬಾಡಿಗೆಯೂ ಬೆಳೆಯುವುದು. ಮೊದಲ ವರ್ಷ ಗಮನಕ್ಕೇ ಬಾರದಿದ್ದ ವೆಚ್ಚವು ಮೂರನೆಯ ವರ್ಷಕ್ಕೆ ಭಾರವಾಗತೊಡಗುವುದು ಈ ಕಾರಣದಿಂದಲೇ.

ಇದಕ್ಕೆ ಎರಡು ಬಗೆಯ ಸಲಹೆಗಳು ಕೇಳಿಬರುತ್ತವೆ. “ಈ ಕಾಲದಲ್ಲಿ ಜಾಗ ಅಗ್ಗ; ಏನನ್ನೂ ಅಳಿಸದೆ ಎಲ್ಲವನ್ನೂ ಇಡಿ” ಎನ್ನುವುದು ಒಂದು. “ಮೋಡದ ಗೊಡವೆ ಸಣ್ಣವರಿಗೆ ಬೇಡ, ಹಳೆಯ ಪುಸ್ತಕವೇ ಲೇಸು” ಎನ್ನುವುದು ಇನ್ನೊಂದು. ನಮ್ಮ ಅಭಿಪ್ರಾಯದಲ್ಲಿ ಎರಡೂ ತಪ್ಪು. ಅಗ್ಗದ ಉಗ್ರಾಣವನ್ನು ಹುಡುಕುವುದಕ್ಕಿಂತ ಮೊದಲು ಉಗ್ರಾಣದಲ್ಲಿ ಏನಿದೆ, ಅದು ಅಲ್ಲಿ ಎಷ್ಟು ಕಾಲ ಇರಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದೇ ಉಳಿತಾಯದ ನಿಜವಾದ ದಾರಿ. ಇದು ಹೊಸ ವಿದ್ಯೆಯಲ್ಲ. ನಮ್ಮ ನಾಡಿನ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ವಿದ್ಯೆ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿಯ ಕಲ್ಲಿನ ಶಾಸನಗಳನ್ನು ನೋಡಿರಬಹುದು. ಸಾವಿರ ವರ್ಷಗಳ ಹಿಂದೆಯೂ ಕಲ್ಲಿನಲ್ಲಿ ಕೆತ್ತಿಸುವುದು ದುಬಾರಿಯ ಕೆಲಸವೇ ಆಗಿತ್ತು. ಆದುದರಿಂದ ಚಂದ್ರಸೂರ್ಯರಿರುವವರೆಗೂ ನಿಲ್ಲಬೇಕಾದ ದಾನದತ್ತಿಗಳನ್ನು ಮಾತ್ರ ಕಲ್ಲಿಗೋ ತಾಮ್ರದ ಹಲಗೆಗೋ ಏರಿಸುತ್ತಿದ್ದರು. ಕೆಲವು ತಲೆಮಾರು ಬಾಳಬೇಕಾದ ಗ್ರಂಥಕ್ಕೆ ತಾಳೆಯ ಗರಿ ಇತ್ತು. ದಿನದಿನದ ಲೆಕ್ಕಕ್ಕೋ? ಅದಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ ಕಪ್ಪು ಪುಸ್ತಕವದು. ಬಳಪದಿಂದ ಬರೆಯುವುದು, ಕೆಲಸ ತೀರಿದ ಮೇಲೆ ಒರೆಸಿ, ಬೇಕಾದರೆ ಮತ್ತೆ ಸರಿ ಬಳಿದು, ಹೊಸದಾಗಿ ಬರೆಯುವುದು. ಇಂದು ಸರಕಾರದ ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ನಾವು ‘ಕಡತ’ವೆಂದೇ ಹೇಳುತ್ತೇವೆ. ಹೆಸರನ್ನು ಉಳಿಸಿಕೊಂಡೆವು, ಒರೆಸುವ ವಿವೇಕವನ್ನು ಮಾತ್ರ ಮರೆತೆವು.

ಮರೆಯುವುದಕ್ಕೆ ಕಾರಣವೂ ಇಲ್ಲದಿಲ್ಲ. 1956ರಲ್ಲಿ ಐಬಿಎಂ ಸಂಸ್ಥೆಯು ತಟ್ಟೆಗಳ ಮೇಲೆ ಅಂಕಿಅಂಶಗಳನ್ನು ಕೂಡಿಡುವ ತನ್ನ ಮೊದಲ ಯಂತ್ರವನ್ನು ಹೊರತಂದಿತು. ಎರಡು ಅಡಿ ವ್ಯಾಸದ 50 ತಟ್ಟೆಗಳು, ಟನ್ನಿಗೂ ಮೀರಿದ ತೂಕ. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲಿನಲ್ಲಿ ತೆಗೆದ, ತಲಾ ಎರಡು ಮೆಗಾಬೈಟ್ ತೂಗುವ ಎರಡು ಛಾಯಾಚಿತ್ರಗಳು ಸಹ ಅದರಲ್ಲಿ ಹಿಡಿಸುತ್ತಿರಲಿಲ್ಲ! ಅಲ್ಲಿಂದ ಇಲ್ಲಿಗೆ ಜಾಗದ ಬೆಲೆ ಊಹೆಗೂ ಮೀರಿ ಇಳಿಯಿತು. ಬೆಲೆ ಇಳಿದಂತೆ ಕೈ ಸಡಿಲವಾಯಿತು. ಆದರೆ ಇಳಿದ ಬೆಲೆಯನ್ನು ಅಳತೆಯಿಲ್ಲದ ರಾಶಿಯಿಂದ ಗುಣಿಸಿದರೆ ಮೊತ್ತವು ಮತ್ತೆ ದೊಡ್ಡದೇ ಆಗುವುದಲ್ಲವೆ?

ಒಂದು ಉದಾಹರಣೆಯನ್ನು ತೆಗೆದುಕೊಂಡು ಲೆಕ್ಕ ಮಾಡಿಯೇ ನೋಡೋಣ. ಕೊಟ್ಟೂರಿನಲ್ಲಿ ಒಂದು ಸಗಟು ಅಂಗಡಿಯಿದೆಯೆಂದು ಕಲ್ಪಿಸಿಕೊಳ್ಳಿ. ದಿನಕ್ಕೆ 200 ಬಿಲ್ಲು, ಒಂದೊಂದರಲ್ಲಿ 5 ಸಾಲು, ವರ್ಷಕ್ಕೆ 300 ದಿನ ವ್ಯಾಪಾರ. ಒಟ್ಟು 3 ಲಕ್ಷ ಸಾಲುಗಳಾದುವು. ಪ್ರತಿ ಸಾಲಿನಲ್ಲಿಯೂ ಗಿರಾಕಿಯ ಹೆಸರು, ಊರು, ಸರಕು, ತೂಕ, ದರಗಳನ್ನು ಬರೆದರೆ ಸುಮಾರು 200 ಬೈಟುಗಳು ಬೇಕೆನ್ನೋಣ. ವರ್ಷದ ಲೆಕ್ಕವೆಲ್ಲ ಸೇರಿ 6 ಕೋಟಿ ಬೈಟು, ಎಂದರೆ 60 ಮೆಗಾಬೈಟ್. ಇದು ಏನೇನೂ ದೊಡ್ಡದಲ್ಲ.

ಈಗ ಅದೇ ಅಂಗಡಿಯವರು ಪ್ರತಿ ಬಿಲ್ಲಿನ ಛಾಯಾಚಿತ್ರವನ್ನೂ ತೆಗೆದು ಡೇಟಾಬೇಸಿನೊಳಕ್ಕೇ ಸೇರಿಸುತ್ತಾರೆಂದು ಭಾವಿಸೋಣ. ವರ್ಷಕ್ಕೆ 60,000 ಚಿತ್ರಗಳು. ತಲಾ 2 ಮೆಗಾಬೈಟಿನಂತೆ 120 ಗಿಗಾಬೈಟ್. ಲೆಕ್ಕದ ಬರವಣಿಗೆಯ 2000 ಪಟ್ಟು! ಇಷ್ಟಕ್ಕೇ ಮುಗಿಯಲಿಲ್ಲ. ಅಪಾಯಕ್ಕೆ ಇರಲೆಂದು ದಿನವೂ ಇಡೀ ಡೇಟಾಬೇಸಿನ ಪ್ರತಿಯನ್ನು ತೆಗೆದು 30 ದಿನಗಳ ಪ್ರತಿಗಳನ್ನು ಇಟ್ಟುಕೊಂಡರೆ, ವರ್ಷದ ಕೊನೆಗೆ ಪ್ರತಿಗಳೇ 3600 ಗಿಗಾಬೈಟ್ ಆಗುವುವು. ಅಂಗಡಿಯವರು ಬಾಡಿಗೆ ಕಟ್ಟುತ್ತಿರುವುದು ಲೆಕ್ಕಕ್ಕಲ್ಲ, ಲೆಕ್ಕದ ಚಿತ್ರದ ಪ್ರತಿಯ ಪ್ರತಿಗೆ.

ಇದಕ್ಕೆ ಪರಿಹಾರ ಸುಲಭ. ಅಂಕಿಗಳು ಓದಲು ಬರುವಷ್ಟು ಮಟ್ಟಿಗೆ ಚಿತ್ರವನ್ನು ಕುಗ್ಗಿಸಿದರೆ 100 ಕಿಲೋಬೈಟಿನಲ್ಲಿ ಸಾಕಾಗಬಹುದು. ಆಗ 120 ಗಿಗಾಬೈಟ್ ಹೋಗಿ 6 ಗಿಗಾಬೈಟ್ ಆಯಿತು. ಈ ಚಿತ್ರಗಳನ್ನು ಡೇಟಾಬೇಸಿನ ಹೊರಗೆ, ಬಿಡಿ ಕಡತಗಳನ್ನು ಇಡುವ ಅಗ್ಗದ ಉಗ್ರಾಣದಲ್ಲಿಟ್ಟು, ಡೇಟಾಬೇಸಿನಲ್ಲಿ ಅವುಗಳ ವಿಳಾಸವನ್ನು ಮಾತ್ರ ಬರೆಯಬೇಕು. ಆಗ 30 ದಿನಗಳ ಪ್ರತಿಗಳೂ ಎರಡು ಗಿಗಾಬೈಟಿನೊಳಗೆ ಮುಗಿಯುತ್ತವೆ. ಡೇಟಾಬೇಸ್ ಎಂಬುದು ಗಲ್ಲದ ಪಕ್ಕದ ಜಾಗವಿದ್ದಂತೆ. ಕೈಯಿಟ್ಟೊಡನೆ ಸಿಕ್ಕಬೇಕಾದುದನ್ನು ಮಾತ್ರ ಅಲ್ಲಿಡಬೇಕು. ಮೂಟೆಗಳನ್ನು ಗಲ್ಲದ ಮೇಲೆ ಒಟ್ಟುವವರುಂಟೆ?

ಬರವಣಿಗೆಯಲ್ಲಿಯೂ ಮಿತವ್ಯಯಕ್ಕೆ ಅವಕಾಶವಿದೆ. ಇದನ್ನು ಕನ್ನಡದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಈಗ ಎಲ್ಲೆಲ್ಲಿಯೂ ಬಳಕೆಯಲ್ಲಿರುವ ಯುಟಿಎಫ್-8 ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ‘ಹಗರಿಬೊಮ್ಮನಹಳ್ಳಿ’ ಎಂಬ ಹೆಸರಿನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತುಗಳ ಗುರುತು ಎಲ್ಲವೂ ಸೇರಿ 15 ಚಿಹ್ನೆಗಳು; ಆದುದರಿಂದ 45 ಬೈಟುಗಳು. ಇದನ್ನು 3 ಲಕ್ಷ ಸಾಲುಗಳಲ್ಲಿ ಬರೆದರೆ 1 ಕೋಟಿ 35 ಲಕ್ಷ ಬೈಟು. ಅದರ ಬದಲು ಊರುಗಳ ಪಟ್ಟಿಯೊಂದನ್ನು ಬೇರೆಯಾಗಿ ಮಾಡಿ, ಊರಿಗೊಂದು ಸಂಖ್ಯೆಯನ್ನು ಕೊಟ್ಟು, ಸಾಲುಗಳಲ್ಲಿ ಎರಡು ಬೈಟಿನ ಆ ಸಂಖ್ಯೆಯನ್ನೇ ಬರೆದರೆ 6 ಲಕ್ಷ ಬೈಟಿನಲ್ಲಿ ಕೆಲಸ ತೀರಿತು. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿಯು ಪ್ರತಿಪಾದಿಸಿದ ಕೋಷ್ಟಕ ಪದ್ಧತಿಯಲ್ಲಿ ಈ ವಿಂಗಡಣೆಗೆ ದೊಡ್ಡ ಸ್ಥಾನವಿದೆ. ಹಳೆಯ ಖಾತೆಪುಸ್ತಕದಲ್ಲಿ ಗಿರಾಕಿಯ ಹೆಸರನ್ನು ಪುಟದ ತಲೆಯಲ್ಲಿ ಒಮ್ಮೆ ಬರೆದು, ಕಿರ್ದಿಯಲ್ಲಿ ಆ ಪುಟದ ಸಂಖ್ಯೆಯನ್ನು ಮಾತ್ರ ಕಾಣಿಸುವುದೂ ಇದೇ ಜಾಣತನವಲ್ಲವೆ? ಕನ್ನಡಕ್ಕೆ ಹೆಚ್ಚು ಜಾಗ ಬೇಕೆಂದು ಕನ್ನಡವನ್ನೇ ಬಿಡುವವರಿಗೆ ಇದು ತಕ್ಕ ಉತ್ತರ. ಬಿಡಬೇಕಾದುದು ಪುನರುಕ್ತಿಯನ್ನು, ಭಾಷೆಯನ್ನಲ್ಲ.

ಇನ್ನು ಹಳೆಯ ವರ್ಷಗಳ ಲೆಕ್ಕ. ತೆರಿಗೆಗೆ ನೋಂದಾಯಿತರಾದ ವ್ಯಾಪಾರಿಗಳು ಒಂದು ವರ್ಷದ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ವಿವರಪತ್ರವನ್ನು ಸಲ್ಲಿಸಬೇಕಾದ ಗಡುವಿನಿಂದ 72 ತಿಂಗಳ ಕಾಲ ಇಟ್ಟಿರಬೇಕೆಂಬುದು ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯ ವಿಧಿ. ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು ಕಾಲ. ಆದುದರಿಂದ ಉಳಿತಾಯದ ಹುಮ್ಮಸ್ಸಿನಲ್ಲಿ ಅಳಿಸಿಬಿಡುವುದು ಅಪರಾಧವಾದೀತು. ಆದರೆ ಇಡಬೇಕೆಂದ ಮಾತ್ರಕ್ಕೆ ಗಲ್ಲದ ಪಕ್ಕದಲ್ಲಿಯೇ ಇಡಬೇಕೆಂದಿಲ್ಲ. ಅಟ್ಟದ ಮೇಲೆ ಇಡಬಹುದು. ಮೋಡದ ಉಗ್ರಾಣಗಳಲ್ಲಿಯೂ ಅಟ್ಟಗಳಿವೆ. ಅಲ್ಲಿ ಇಟ್ಟುದನ್ನು ಇಳಿಸಿಕೊಳ್ಳಲು ಕೆಲವು ಗಂಟೆಗಳು ಹಿಡಿಯಬಹುದು, ಇಳಿಸುವ ಕೂಲಿಯೂ ಉಂಟು. ಬಾಡಿಗೆ ಮಾತ್ರ ಸಾಧಾರಣ ಜಾಗದ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆಯಿರುವುದುಂಟು. ಎರಡು ವರ್ಷ ದಾಟಿದ ಸಾಲುಗಳನ್ನು ಸಂಕೋಚಿಸಿ ಅಲ್ಲಿಗೆ ಸಾಗಿಸಬಹುದು. ಪದೇ ಪದೇ ಬರುವ ಚಿಹ್ನೆಗೆ ಚಿಕ್ಕ ಸಂಕೇತವನ್ನು ಕೊಡುವ ಹಫ್‌ಮನ್‌ನ 1952ರ ಉಪಾಯ, ಹಿಂದೆ ಬಂದ ಪದಸರಣಿಯನ್ನು ಮತ್ತೆ ಬರೆಯದೆ ಅದರ ಕಡೆಗೆ ಬೊಟ್ಟುಮಾಡುವ ಲೆಂಪೆಲ್ ಮತ್ತು ಝಿವ್ ಅವರ 1977ರ ಉಪಾಯ—ಇವುಗಳಿಂದ ಒಂದು ಅಂಕಿಯೂ ನಷ್ಟವಾಗದಂತೆ ಲೆಕ್ಕವನ್ನು ಚಿಕ್ಕದು ಮಾಡಬಹುದು.

“ಮುಂದೆ ಯಾವುದಕ್ಕೆ ಯಾವುದು ಬೇಕಾದೀತೋ! ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮಾಹಿತಿಯೇ ಧನವಲ್ಲವೆ?” ಎಂದು ಕೆಲವರು ಆಕ್ಷೇಪಿಸಬಹುದು. ಮಾತಿನಲ್ಲಿ ಸತ್ಯಾಂಶವಿದೆ. ಒಂದು ಪೇಟೆಯಲ್ಲಿ ಇಪ್ಪತ್ತು ವರ್ಷಗಳ ಕಾಲ ದಿನದಿನವೂ ಶೇಂಗಾದ ದರ ಎಷ್ಟಿತ್ತು, ಎಷ್ಟು ಚೀಲ ಬಂತು ಎಂಬ ಪಟ್ಟಿಯು ಮಳೆಯ ಲೆಕ್ಕದೊಡನೆ ಹೋಲಿಸಿ ನೋಡುವವನಿಗೆ ನಿಜವಾಗಿಯೂ ನಿಧಿ. ಆದರೆ ಅದಕ್ಕೆ ವರ್ಷಕ್ಕೆ 300 ಸಾಲು ಸಾಕು. 3 ಲಕ್ಷ ಬೇಕಿಲ್ಲ. ಅಂತಹ ಸಾರಾಂಶವನ್ನು ಎಂದೆಂದಿಗೂ ಇಡಿ. ಅದು ನಮ್ಮ ಕಾಲದ ಕಲ್ಲಿನ ಶಾಸನ. ಅದರ ಹಿಂದಿನ ಬಿಡಿ ಸಾಲುಗಳು ಕಡತದ ಬಳಪದ ಬರೆಹ; ಅವಧಿ ತೀರಿದ ಮೇಲೆ ಒರೆಸತಕ್ಕವು.

ಒರೆಸುವುದರಲ್ಲಿ ಹಣಕ್ಕಿಂತ ಮಿಗಿಲಾದ ಇನ್ನೊಂದು ಪ್ರಶ್ನೆಯೂ ಅಡಗಿದೆ. ಅಂಗಡಿಯ ಲೆಕ್ಕದಲ್ಲಿರುವುದು ಅಂಗಡಿಯವರ ಗುಟ್ಟು ಮಾತ್ರವಲ್ಲ. ಯಾವ ಬರಗಾಲದಲ್ಲಿ ಯಾರು ಉದ್ರಿ ಕೇಳಿದರು, ಎಷ್ಟು ತಿಂಗಳು ತೀರಿಸಲಾರದೆ ಹೋದರು ಎಂಬುದೂ ಅಲ್ಲಿದೆ. ಸಾಲ ತೀರಿ ಹತ್ತು ವರ್ಷವಾದ ಮೇಲೂ ಆ ರೈತನ ಹೆಸರು, ಮೊಬೈಲ್ ಸಂಖ್ಯೆ, ಬಾಕಿಯ ಚರಿತ್ರೆ ದೂರದ ಯಂತ್ರದಲ್ಲಿ ಕುಳಿತಿರಬೇಕೆ? ಅದು ಪರರ ಕೈಗೆ ಸಿಕ್ಕರೆ ಹೊಣೆ ಯಾರು? ಉದ್ದೇಶವು ತೀರಿದ ಮೇಲೆ, ಬೇರೆ ಕಾನೂನಿಗೆ ಅಗತ್ಯವಿಲ್ಲದಿದ್ದಲ್ಲಿ, ವ್ಯಕ್ತಿಗೆ ಸೇರಿದ ಮಾಹಿತಿಯನ್ನು ಅಳಿಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತತ್ತ್ವ. ತೀರಿದ ಸಾಲದ ನೆನಪನ್ನು ಒರೆಸುವುದು ಉಳಿತಾಯವೂ ಹೌದು, ನ್ಯಾಯವೂ ಹೌದು.

ಆದರೆ ಹೊಣೆಯನ್ನೆಲ್ಲ ವ್ಯಾಪಾರಿಯ ಹೆಗಲಿಗೇ ಹೊರಿಸುವುದು ಸರಿಯಲ್ಲ. ಮೋಡದ ಬಾಡಿಗೆಯಲ್ಲಿ ಜಾಗದ ಬೆಲೆಯೊಂದೇ ಅಲ್ಲದೆ, ಹುಡುಕಿ ಲೆಕ್ಕ ಹಾಕುವ ಯಂತ್ರದ ಕೂಲಿ, ಮಾಹಿತಿಯನ್ನು ಹೊರಕ್ಕೆ ಒಯ್ಯುವ ಸುಂಕ ಮೊದಲಾದುವೂ ಸೇರಿರುತ್ತವೆ. ವರ್ಷಕ್ಕಿಷ್ಟೆಂದು ಒಟ್ಟು ಶುಲ್ಕವನ್ನು ಕೊಡುವವರಿಗೆ ಇವು ಕಾಣುವುದೇ ಇಲ್ಲ. ಲೆಕ್ಕದ ತಂತ್ರಾಂಶವನ್ನು ಮಾರುವವರು ಮೂರು ಕೆಲಸಗಳನ್ನು ಮಾಡಲೇಬೇಕೆಂದು ನಾವು ಒತ್ತಿ ಹೇಳುತ್ತೇವೆ. ಯಾವುದಕ್ಕೆ ಎಷ್ಟು ಹಣವೆಂಬುದನ್ನು ಬಿಲ್ಲಿನಲ್ಲಿ ಬಿಡಿಸಿ ತೋರಿಸಬೇಕು. ಎಷ್ಟು ವರ್ಷದ ಲೆಕ್ಕ ಎಲ್ಲಿರಬೇಕೆಂದು ವ್ಯಾಪಾರಿಯೇ ಆರಿಸಿಕೊಳ್ಳುವ ಅನುಕೂಲವನ್ನು ತಿಳಿಗನ್ನಡದಲ್ಲಿ ಒದಗಿಸಬೇಕು. ಬೇಡವೆಂದು ಹೊರಡುವವನಿಗೆ ಅವನ ಲೆಕ್ಕವನ್ನು ಯಾವ ಯಂತ್ರದಲ್ಲಾದರೂ ಓದಬಹುದಾದ ಸರಳ ರೂಪದಲ್ಲಿ ಹಿಂದಕ್ಕೆ ಕೊಡಬೇಕು. ಒಬ್ಬೊಬ್ಬ ಅಂಗಡಿಯವನು ಕೇಳಿದರೆ ನಡೆಯದ ಮಾತನ್ನು, ಐದು ತಾಲ್ಲೂಕುಗಳ ವರ್ತಕರು ಒಟ್ಟಾಗಿ ಕೇಳಿದರೆ ನಡೆಸಿಕೊಳ್ಳಬಹುದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹದೊಂದು ಅಂಗಡಿ ಇದ್ದೀತು. ಅವರ ಒಪ್ಪಿಗೆ ಪಡೆದು, ಅವರ ಲೆಕ್ಕದಲ್ಲಿ ಯಾವುದು ಎಷ್ಟು ತೂಗುತ್ತದೆ ಎಂಬ ಪಟ್ಟಿಯನ್ನು ಮೊದಲು ಮಾಡಿ: ಬರವಣಿಗೆ ಎಷ್ಟು, ಚಿತ್ರ ಎಷ್ಟು, ಪ್ರತಿಗಳು ಎಷ್ಟು. ಮೇಲೆ ಮಾಡಿದ ಕೂಡುವ, ಗುಣಿಸುವ ಲೆಕ್ಕಕ್ಕಿಂತ ಹೆಚ್ಚಿನ ಗಣಿತ ಇದಕ್ಕೆ ಬೇಡ. ಏನನ್ನಾದರೂ ಅಳಿಸುವ ಮೊದಲು ಎರಡು ಬೇರೆ ಬೇರೆ ಕಡೆ ಪ್ರತಿಯಿದೆಯೇ ಎಂದು ನೋಡಿ; ಆ ಪ್ರತಿಯನ್ನು ಒಮ್ಮೆ ತೆರೆದು ಓದಿ ಪರೀಕ್ಷಿಸಿ. ತೆರೆದು ನೋಡದ ಪ್ರತಿಯನ್ನು ನಂಬಿದವನು ಬೀಗವಿಲ್ಲದ ಪೆಟ್ಟಿಗೆಯನ್ನು ನಂಬಿದಂತೆ.

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮವನ್ನು ಹಚ್ಚುವ ಪದ್ಧತಿ ನಮ್ಮ ಪೇಟೆಗಳಲ್ಲಿದೆ. ಹೊಸ ಪುಸ್ತಕವನ್ನು ತೆರೆಯುವ ದಿನವೆಂದರೆ ಹಳೆಯ ಪುಸ್ತಕವನ್ನು ಎಲ್ಲಿಡಬೇಕೆಂದು ಗೊತ್ತುಮಾಡುವ ದಿನವೂ ಹೌದು. ಮೋಡದಲ್ಲಿರುವ ಪುಸ್ತಕಕ್ಕೆ ಹಾಳೆ ಮುಗಿಯುವುದಿಲ್ಲ. ಆದುದರಿಂದಲೇ ಅಂತಹ ದಿನವೊಂದನ್ನು ನಾವಾಗಿಯೇ ನಿಶ್ಚಯಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ, ಅರ್ಧ ದಿನ ಸಾಕು.