ಬಾಲಕ್ಕೆ ದಾರ ಕಟ್ಟಬೇಡಿ

ಮಕ್ಕಳೇ, ಮಳೆಗಾಲದ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ಶಾಲೆ ಬಿಟ್ಟಿದೆ. ಆಕಾಶದಲ್ಲಿ ಮೋಡ ಕವಿದಿದೆ. ಬಯಲಿನಲ್ಲಿ ನಿಮ್ಮ ತಲೆಯ ಎತ್ತರದಲ್ಲೇ ಹತ್ತಾರು ಹುಳಗಳು ಅತ್ತಿಂದಿತ್ತ ಹಾರಾಡುತ್ತಿವೆ. ಕಡ್ಡಿಯಂಥ ಉದ್ದ ಮೈ, ಗಾಜಿನಂಥ ನಾಲ್ಕು ರೆಕ್ಕೆ, ತಲೆಯ ತುಂಬ ಕಣ್ಣು. ಗುರುತು ಸಿಕ್ಕಿತೇ? ಹೌದು, ಅದೇ ಏರೋಪ್ಲೇನ್ ಚಿಟ್ಟೆ! ಕೆಲವರು ಹೆಲಿಕಾಪ್ಟರ್ ಹುಳ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ಡ್ರಾಗನ್ ಫ್ಲೈ.

ಅದನ್ನು ಕಂಡ ಕೂಡಲೇ ನಿಮ್ಮಲ್ಲಿ ಕೆಲವರು ಏನು ಮಾಡುತ್ತೀರಿ ಎಂಬುದು ನನಗೆ ಗೊತ್ತು. ಉಸಿರು ಬಿಗಿಹಿಡಿದು ಹಿಂದಿನಿಂದ ಹೋಗುತ್ತೀರಿ. ಎರಡು ಬೆರಳಲ್ಲಿ ಬಾಲ ಹಿಡಿಯುತ್ತೀರಿ. ಬಾಲಕ್ಕೆ ದಾರ ಕಟ್ಟಿ ಗಾಳಿಪಟದಂತೆ ಹಾರಿಸುತ್ತೀರಿ. ಕಾಲಿಗೆ ಸಣ್ಣ ಕಲ್ಲು ಕೊಟ್ಟು ಎತ್ತಿಸುತ್ತೀರಿ. ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುವಿರಾ? ಚಿಕ್ಕಂದಿನಲ್ಲಿ ನಾನೂ ಈ ಆಟ ಆಡಿದ್ದೇನೆ. ಆದ್ದರಿಂದ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಈ ಆಟವನ್ನು ಬಿಡಬೇಕು ಎಂದು ನಿಮ್ಮೊಡನೆ ವಾದ ಮಾಡುವ ಆಸೆಯಿದೆ. ನನ್ನ ಮಾತು ಪೂರ್ತಿ ಕೇಳಿ. ಆಮೇಲೆ ನೀವೇ ತೀರ್ಮಾನಿಸಿ.

ಚಿಟ್ಟೆಯಲ್ಲದ ಚಿಟ್ಟೆ

ಹೆಸರಿನಲ್ಲಿ ಚಿಟ್ಟೆ ಇದ್ದರೂ ಇದು ಚಿಟ್ಟೆಯಲ್ಲ. ಚಿಟ್ಟೆಯ ರೆಕ್ಕೆಯನ್ನು ಮುಟ್ಟಿದರೆ ಬೆರಳಿಗೆ ಬಣ್ಣದ ಪುಡಿ ಅಂಟುತ್ತದೆ. ಇದರ ರೆಕ್ಕೆಯಲ್ಲಿ ಅಂಥ ಪುಡಿಯಿಲ್ಲ. ಚಿಟ್ಟೆ ಹೂವಿನ ಮಕರಂದ ಹೀರುತ್ತದೆ. ಇದು ಬೇಟೆಗಾರ. ಸೊಳ್ಳೆ, ನೊಣ, ಸಣ್ಣ ಪತಂಗ ಇವೇ ಇದರ ಊಟ. ವಿಜ್ಞಾನಿಗಳು ಈ ಗುಂಪನ್ನು ‘ಒಡೊನೇಟಾ’ ಎಂದು ಕರೆಯುತ್ತಾರೆ. ಹಲ್ಲುಳ್ಳವು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ಅಷ್ಟು ಗಟ್ಟಿ ಇದರ ದವಡೆ!

ಈ ಗುಂಪಿನಲ್ಲಿ ಇನ್ನೊಂದು ಬಗೆಯೂ ಇದೆ. ಅದು ಸೂಜಿಯಂತೆ ತೆಳ್ಳಗೆ, ನಾಜೂಕಾಗಿ ಇರುತ್ತದೆ. ಅದರ ಇಂಗ್ಲಿಷ್ ಹೆಸರು ಡ್ಯಾಮ್ಸೆಲ್ ಫ್ಲೈ. ನಾವು ಇಲ್ಲಿ ಸೂಜಿ ಚಿಟ್ಟೆ ಎನ್ನೋಣ. ಎರಡನ್ನೂ ಗುರುತಿಸುವುದು ಸುಲಭ. ಕುಳಿತಾಗ ಏರೋಪ್ಲೇನ್ ಚಿಟ್ಟೆ ರೆಕ್ಕೆಗಳನ್ನು ಅಗಲಿಸಿಯೇ ಇಡುತ್ತದೆ. ಸೂಜಿ ಚಿಟ್ಟೆಗಳಲ್ಲಿ ಹೆಚ್ಚಿನವು ರೆಕ್ಕೆಗಳನ್ನು ಮಡಿಚಿ ಬೆನ್ನ ಮೇಲೆ ಇಟ್ಟುಕೊಳ್ಳುತ್ತವೆ. ಸೂಜಿ ಚಿಟ್ಟೆಯ ಎರಡು ಕಣ್ಣುಗಳ ನಡುವೆ ಚೆನ್ನಾಗಿ ಅಂತರವಿರುತ್ತದೆ. ಏರೋಪ್ಲೇನ್ ಚಿಟ್ಟೆಯ ಕಣ್ಣುಗಳು ತುಂಬ ದೊಡ್ಡವು. ಹೆಚ್ಚಿನ ಜಾತಿಗಳಲ್ಲಿ ಒಂದಕ್ಕೊಂದು ತಾಗಿರುತ್ತವೆ. ಇಂಥ ಒಂದೊಂದು ಕಣ್ಣಿನಲ್ಲೂ ಸಾವಿರಾರು ಪುಟ್ಟ ಕಣ್ಣುಗಳು ಸೇರಿರುತ್ತವೆ. ಕೆಲವು ಜಾತಿಗಳಲ್ಲಿ ಆ ಸಂಖ್ಯೆ ಸುಮಾರು 28,000!

ಈ ವಂಶ ಎಷ್ಟು ಹಳೆಯದು ಗೊತ್ತೇ? ಸುಮಾರು 30 ಕೋಟಿ ವರ್ಷಗಳ ಹಿಂದೆ ಇವುಗಳ ಹತ್ತಿರದ ನೆಂಟನೊಂದು ಭೂಮಿಯ ಮೇಲೆ ಹಾರಾಡುತ್ತಿತ್ತು. ಆಗ ಡೈನೋಸಾರ್‌ಗಳು ಇನ್ನೂ ಹುಟ್ಟಿರಲಿಲ್ಲ. ಅದರ ಪಳೆಯುಳಿಕೆ ಫ್ರಾನ್ಸ್ ದೇಶದಲ್ಲಿ ಸಿಕ್ಕಿತು. ಅದಕ್ಕೆ ಮೆಗಾನ್ಯೂರಾ ಎಂದು ಹೆಸರಿಟ್ಟರು. ರೆಕ್ಕೆ ಬಿಚ್ಚಿದರೆ ಅದರ ಅಗಲ ಎರಡು ಅಡಿಗೂ ಹೆಚ್ಚು!

ನೀರೊಳಗಿನ ಬಾಲ್ಯ

ನೀವು ಹಿಡಿಯುವ ಹುಳ ಹುಟ್ಟುವುದು ಎಲ್ಲಿ? ನೀರಿನಲ್ಲಿ. ತಾಯಿ ನೀರಿನ ಮೇಲೆ ಹಾರುತ್ತ ಬಾಲದ ತುದಿಯನ್ನು ಅದ್ದಿ ಅದ್ದಿ ಮೊಟ್ಟೆ ಇಡುವುದನ್ನು ನೀವು ನೋಡಿರಬಹುದು. ಸೂಜಿ ಚಿಟ್ಟೆಯಾದರೆ ನೀರಿನ ಗಿಡದ ಕಾಂಡವನ್ನು ಸೀಳಿ ಅದರೊಳಗೆ ಮೊಟ್ಟೆ ಇಡುತ್ತದೆ.

ಮೊಟ್ಟೆಯೊಡೆದು ಬರುವ ಮರಿಗೆ ರೆಕ್ಕೆಯಿಲ್ಲ. ಮಣ್ಣಿನ ಬಣ್ಣದ ಈ ಮರಿ ಕೆಸರಿನಲ್ಲಿ, ಜೊಂಡಿನ ಬುಡದಲ್ಲಿ ಅವಿತು ಕೂರುತ್ತದೆ. ಅದರ ಕೆಳತುಟಿ ಮಡಿಚಿದ ಕೈಯಂತಿದೆ. ಸೊಳ್ಳೆಮರಿ ಹತ್ತಿರ ಬಂದರೆ ಆ ತುಟಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಂದೆ ಚಾಚುತ್ತದೆ, ಹಿಡಿಯುತ್ತದೆ, ಬಾಯಿಗೆ ತರುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ಉಸಿರಾಡುವುದು ಗುದದ್ವಾರದ ಮೂಲಕ! ನಗಬೇಡಿ. ಅದರ ಕಿವಿರುಗಳು ಅಲ್ಲೇ ಒಳಗೆ ಇವೆ. ಅಪಾಯ ಬಂದಾಗ ಒಳಗೆಳೆದ ನೀರನ್ನು ಜೋರಾಗಿ ಹಿಂದಕ್ಕೆ ಚಿಮ್ಮಿಸಿ ರಾಕೆಟ್ಟಿನಂತೆ ಮುಂದಕ್ಕೆ ನುಗ್ಗುತ್ತದೆ.

ಹೀಗೆ ಮರಿ ಹಲವು ಸಲ ಪೊರೆ ಕಳಚುತ್ತ ಬೆಳೆಯುತ್ತದೆ. ಕೆಲವು ಜಾತಿಗಳಿಗೆ ಇದಕ್ಕೆ ಕೆಲವು ವಾರ ಸಾಕು. ಕೆಲವಕ್ಕೆ ತಿಂಗಳುಗಳು ಬೇಕು. ಚಳಿ ದೇಶಗಳಲ್ಲಿ ವರ್ಷಗಳೇ ಹಿಡಿಯುವುದುಂಟು. ಕೊನೆಗೊಂದು ದಿನ ಅದು ಜೊಂಡನ್ನೋ ಕಲ್ಲನ್ನೋ ಹತ್ತಿ ನೀರಿನಿಂದ ಹೊರಬರುತ್ತದೆ. ಬೆನ್ನಿನ ಚರ್ಮ ಸೀಳುತ್ತದೆ. ಒಳಗಿನಿಂದ ರೆಕ್ಕೆಯುಳ್ಳ ಹುಳ ಮೆಲ್ಲಗೆ ಈಚೆ ಬರುತ್ತದೆ. ಮುದುಡಿದ ರೆಕ್ಕೆ ಬಿಚ್ಚಿ, ಒಣಗಿ, ಗಟ್ಟಿಯಾಗುವ ತನಕ ಅದಕ್ಕೆ ಹಾರಲು ಬಾರದು.

ಹಾರಲು ಕಲಿತ ಮೇಲೆ ಅದು ಎಷ್ಟು ದಿನ ಬದುಕುತ್ತದೆ? ಹೆಚ್ಚಿನವು ಕೆಲವೇ ವಾರ. ಅಂದರೆ ನಿಮ್ಮ ಬೆರಳಿಗೆ ಸಿಕ್ಕ ಹುಳ ತನ್ನ ಬಾಳಿನ ಕೊನೆಯ ಭಾಗದಲ್ಲಿದೆ. ಸಂಗಾತಿಯನ್ನು ಹುಡುಕುವುದು, ಮೊಟ್ಟೆ ಇಡುವುದು ಎಲ್ಲವನ್ನೂ ಅದು ಈ ಕೆಲವು ವಾರಗಳಲ್ಲೇ ಮುಗಿಸಬೇಕು.

ಬಾಲದಲ್ಲಿ ಏನಿದೆ?

ಈಗ ದಾರದ ಮಾತಿಗೆ ಬರೋಣ. ನಾವು ಬಾಲ ಎನ್ನುವುದು ನಿಜವಾಗಿ ಬಾಲವಲ್ಲ. ಅದು ಅದರ ಹೊಟ್ಟೆ. ಅದರೊಳಗೆ ಕರುಳಿದೆ, ಹೃದಯದ ಕೊಳವೆಯಿದೆ. ಎರಡೂ ಬದಿಗೆ ಉಸಿರಾಡುವ ಸಣ್ಣ ರಂಧ್ರಗಳಿವೆ. ಗಂಡಿನ ಹೊಟ್ಟೆಯ ತುದಿಯಲ್ಲಿ ಇಕ್ಕಳದಂಥ ಅಂಗವಿದೆ. ಜೊತೆಗೂಡುವಾಗ ಅದು ಹೆಣ್ಣನ್ನು ಹಿಡಿದುಕೊಳ್ಳುವುದು ಅದರಿಂದಲೇ. ಹೆಣ್ಣು ಮೊಟ್ಟೆ ಇಡುವುದೂ ಹೊಟ್ಟೆಯ ತುದಿಯ ಕಡೆಯಿಂದಲೇ. ನಾವು ಬಿಗಿದು ದಾರ ಕಟ್ಟುವುದು ಸರಿಯಾಗಿ ಅಲ್ಲಿಗೇ! ದಾರದಿಂದ ಕಿತ್ತುಕೊಂಡು ಹಾರಿಹೋದರೂ ನಜ್ಜುಗುಜ್ಜಾದ ಆ ಹೊಟ್ಟೆಯಿಂದ ಅದು ಮತ್ತೆ ಮೊಟ್ಟೆ ಇಡಬಲ್ಲದೇ?

ಬಾಲದಲ್ಲಿ ಕೊಂಡಿಯಿದೆ, ಚುಚ್ಚುತ್ತದೆ ಎಂದು ಹೆದರುವವರೂ ಇದ್ದಾರೆ. ಅದರಲ್ಲಿ ಕೊಂಡಿಯೂ ಇಲ್ಲ, ವಿಷವೂ ಇಲ್ಲ. ಯುರೋಪಿನಲ್ಲೂ ಹಿಂದೆ ಇಂಥ ಹೆದರಿಕೆಯಿತ್ತು. ಸುಳ್ಳು ಹೇಳುವ ಮಕ್ಕಳ ತುಟಿಯನ್ನು ಈ ಹುಳ ಹೊಲಿದುಬಿಡುತ್ತದೆ ಎಂದು ಅಲ್ಲಿಯ ಹಿರಿಯರು ಹೆದರಿಸುತ್ತಿದ್ದರಂತೆ! ಜಪಾನಿನಲ್ಲಿ ಮಾತ್ರ ಇದು ಗೆಲುವಿನ ಗುರುತು. ಅಲ್ಲಿಯ ಯೋಧರು ತಮ್ಮ ಶಿರಸ್ತ್ರಾಣದ ಮೇಲೆ ಇದರ ಆಕಾರವನ್ನು ಧರಿಸುತ್ತಿದ್ದರು.

ಇನ್ನು ಕಲ್ಲು ಎತ್ತಿಸುವ ಆಟ. ಈ ಹುಳಕ್ಕೆ ಆರು ಕಾಲುಗಳಿದ್ದರೂ ಚೆನ್ನಾಗಿ ನಡೆಯಲು ಬಾರದು. ಆ ಕಾಲುಗಳು ಹಾರುವಾಗ ಬುಟ್ಟಿಯಂತೆ ಕೂಡಿಕೊಂಡು ಬೇಟೆಯನ್ನು ಹಿಡಿಯಲು ಇವೆ. ಕೇರಳದಲ್ಲೂ ಮಕ್ಕಳು ಈ ಆಟ ಆಡುತ್ತಿದ್ದರು. ಅಲ್ಲಿ ಇದರ ಹೆಸರು ತುಂಬಿ. ಎಳೆಯ ಮಕ್ಕಳಿಂದ ಶಕ್ತಿಮೀರಿ ಕೆಲಸ ಮಾಡಿಸಿದರೆ ‘ತುಂಬಿಯಿಂದ ಕಲ್ಲು ಎತ್ತಿಸಿದಂತೆ’ ಎಂಬ ಮಾತು ಮಲಯಾಳಂ ಭಾಷೆಯಲ್ಲಿದೆ. ನಿಮ್ಮ ಬೆನ್ನ ಮೇಲೆ ಯಾರಾದರೂ ಜೋಳದ ಚೀಲ ಹೊರಿಸಿದರೆ ಹೇಗಿರುತ್ತದೆ? ಯೋಚಿಸಿ.

ಮಳೆ ತರುವ ಹುಳವೇ?

“ಏರೋಪ್ಲೇನ್ ಚಿಟ್ಟಿ ತೆಳಗ ಹಾರಾಕತ್ತಾವು, ಮಳಿ ಬರತೈತಿ ನೋಡು” ಎಂದು ನಿಮ್ಮ ಮುತ್ಯಾ ಹೇಳಿರಬಹುದು. ಇದು ನಿಜವೇ? ಹುಳ ಮಳೆಯನ್ನು ತರುವುದಿಲ್ಲ. ಆದರೆ ಮುತ್ಯಾನ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಹಿಂಡಾಗಿ ಹಾರುವ ಹಳದಿ ಮೈಯ ಒಂದು ಜಾತಿಯಿದೆ. ಅದರ ಹೆಸರು ಪ್ಯಾಂಟಾಲಾ ಫ್ಲೇವಸೆನ್ಸ್. ಅದು ಮಳೆಯ ಗಾಳಿಯ ಜೊತೆಗೇ ಊರಿಂದೂರಿಗೆ ಸಾಗುತ್ತದೆ. ಮಳೆ ನಿಂತ ಗುಂಡಿಗಳಲ್ಲಿ ಮೊಟ್ಟೆ ಇಡುತ್ತದೆ. ಗುಂಡಿ ಒಣಗುವ ಮೊದಲೇ ಅದರ ಮರಿಗಳು ಬೇಗ ಬೇಗ ಬೆಳೆದು ಹಾರಿಹೋಗುತ್ತವೆ.

ಹಾರಿ ಎಲ್ಲಿಗೆ ಹೋಗುತ್ತವೆ? ಮಾಲ್ಡೀವ್ಸ್ ದ್ವೀಪಗಳಲ್ಲಿದ್ದ ಚಾರ್ಲ್ಸ್ ಆಂಡರ್‌ಸನ್ ಎಂಬ ಜೀವವಿಜ್ಞಾನಿ ಪ್ರತಿವರ್ಷ ಅಕ್ಟೋಬರ್ ಸುಮಾರಿಗೆ ಅಲ್ಲಿ ಈ ಹುಳಗಳ ಹಿಂಡು ಇಳಿಯುವುದನ್ನು ಗಮನಿಸಿದರು. ಸುತ್ತ ಬರೀ ಸಮುದ್ರ! ಇವು ಭಾರತದಿಂದ ಗಾಳಿಯ ಮೇಲೇರಿ ಮಾಲ್ಡೀವ್ಸ್ ಮೂಲಕ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಎಂದು 2009ರಲ್ಲಿ ಅವರು ವಾದಿಸಿದರು. ಹೋಗಿ ಬರುವ ಈ ಸುತ್ತನ್ನು ಒಂದೇ ಹುಳ ಮುಗಿಸುವುದಿಲ್ಲ. ಅದು ಹಲವು ತಲೆಮಾರುಗಳ ಪಯಣ. ಹುನಗುಂದದ ಹೊಲದ ಬದಿಯ ನೀರುಗುಂಡಿಯಲ್ಲಿ ಬೆಳೆದ ಇಂಥದೊಂದು ಹುಳ ಸಮುದ್ರ ದಾಟಬಹುದು. ನಮ್ಮ ಒಂದು ಗೇಣು ದಾರ ಆ ಪಯಣವನ್ನು ನಿಲ್ಲಿಸಬಹುದು.

ಸೊಳ್ಳೆಯ ವೈರಿ

ಏರೋಪ್ಲೇನ್ ಚಿಟ್ಟೆ ನೀರಿನಲ್ಲಿದ್ದಾಗ ಸೊಳ್ಳೆಮರಿಗಳನ್ನೂ ಗಾಳಿಯಲ್ಲಿದ್ದಾಗ ಸೊಳ್ಳೆಗಳನ್ನೂ ತಿನ್ನುತ್ತದೆ. ಮ್ಯಾನ್ಮಾರ್ ದೇಶದ ಯಾಂಗೂನ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಅದರ ವರದಿ 1990ರಲ್ಲಿ ಪ್ರಕಟವಾಯಿತು. ಅಲ್ಲಿ ಜನರೇ ಮುಂದೆ ಬಂದು ಮನೆಯ ನೀರಿನ ಪಾತ್ರೆಗಳಲ್ಲಿ ಈ ಹುಳದ ಮರಿಗಳನ್ನು ಬಿಡಲು ನೆರವಾದರು. ಡೆಂಗಿ ಹರಡುವ ಸೊಳ್ಳೆಗಳು ಬಹಳ ಕಡಿಮೆಯಾದವು. ಆ ಪ್ರಯೋಗದಲ್ಲಿ ಬಳಸಿದ ಕೆಂಪು ಮೈಯ ಜಾತಿ ನಮ್ಮ ನಾಡಿನಲ್ಲೂ ಸಾಮಾನ್ಯ. ಹಾಗೆಂದು ಮನೆಯ ನೀರಿನ ತೊಟ್ಟಿಯನ್ನು ತೆರೆದಿಡಬೇಡಿ. ಮುಚ್ಚಿಡುವುದು, ವಾರಕ್ಕೊಮ್ಮೆ ತೊಳೆಯುವುದು ನಮ್ಮ ಕೆಲಸ. ಕೆರೆ, ಹೊಂಡಗಳಲ್ಲಿ ಸೊಳ್ಳೆ ಹಿಡಿಯುವುದು ಅದರ ಕೆಲಸ.

ದೊಡ್ಡವರ ದಾರ

“ಸಾವಿರಾರು ಹುಳ ಇವೆ. ನಾವು ಒಂದಕ್ಕೆ ದಾರ ಕಟ್ಟಿದರೆ ವಂಶವೇ ಅಳಿದುಹೋಗುತ್ತದೆಯೇ?” ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಒಳ್ಳೆಯ ಪ್ರಶ್ನೆ. ನಿಮ್ಮ ಒಂದು ದಾರದಿಂದ ವಂಶ ಅಳಿಯುವುದಿಲ್ಲ, ನಿಜ. ಅದಕ್ಕಿಂತ ದೊಡ್ಡ ದಾರವನ್ನು ದೊಡ್ಡವರಾದ ನಾವು ಕಟ್ಟುತ್ತಿದ್ದೇವೆ. ಹೊಂಡಕ್ಕೆ ಕಸ ಸುರಿಯುತ್ತೇವೆ. ಹಳ್ಳಕ್ಕೆ ಚರಂಡಿ ಬಿಡುತ್ತೇವೆ. ಕೆರೆಯನ್ನು ಚೊಕ್ಕಟ ಮಾಡುತ್ತೇವೆಂದು ದಡದ ಜೊಂಡನ್ನೆಲ್ಲ ಕಿತ್ತು, ಸುತ್ತ ಸಿಮೆಂಟ್ ಹಾಕಿಬಿಡುತ್ತೇವೆ. ಆಗ ಸೂಜಿ ಚಿಟ್ಟೆ ಮೊಟ್ಟೆ ಇಡುವುದೆಲ್ಲಿ? ಮರಿ ಅವಿತುಕೊಳ್ಳುವುದೆಲ್ಲಿ? ನೀರಿನ ಮೇಲೆಲ್ಲ ಅಂತರಗಂಗೆ ಹಬ್ಬಿದ್ದರೆ ತೆಗೆಯಬೇಕು, ಸರಿ. ಆದರೆ ದಡದ ನಾಲ್ಕು ಜೊಂಡು ಕೊಳೆಯಲ್ಲ. ಅದು ಹುಳಗಳ ಹೆರಿಗೆಮನೆ. ಈ ಮಾತನ್ನು ನಿಮ್ಮ ಮನೆಯ ಹಿರಿಯರಿಗೆ ನೀವು ಹೇಳಬೇಕು. ಹೇಳುವ ಧೈರ್ಯ ನಿಮಗೆ ಬರಬೇಕಾದರೆ ಮೊದಲು ನಿಮ್ಮ ಕೈಯ ದಾರ ಬಿಡಬೇಕಲ್ಲವೇ?

ನೀರು ಹೇಗಿದೆ ಎಂಬುದನ್ನೂ ಈ ಹುಳಗಳು ತಿಳಿಸುತ್ತವೆ. ಕಿತ್ತಳೆ ಬಣ್ಣದ ರೆಕ್ಕೆಯ ಒಂದು ಜಾತಿ ಕೊಳಚೆ ನೀರಿನ ಬಳಿಯೂ ಚೆನ್ನಾಗಿ ಬಾಳುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಡಿಚ್ ಜ್ಯುವೆಲ್ ಎನ್ನುತ್ತಾರೆ. ಅಂದರೆ ಚರಂಡಿಯ ರತ್ನ! ಒಂದು ಹೊಂಡದ ಸುತ್ತ ಅದೊಂದೇ ಕಂಡರೆ ನೀರು ಕೆಟ್ಟಿರಬಹುದೆಂದು ಅನುಮಾನಪಡಿ. ಹಲವು ಬಗೆಯ ಏರೋಪ್ಲೇನ್ ಚಿಟ್ಟೆ, ಸೂಜಿ ಚಿಟ್ಟೆಗಳು ಕಂಡರೆ ಸಂತೋಷಪಡಿ.

ಹೊಸ ಆಟ

ಹಾಗಾದರೆ ಆಟವೇ ಬೇಡವೇ? ಬೇಕು! ದಾರವಿಲ್ಲದ ಆಟ ಹೇಳುತ್ತೇನೆ. ಗುರುಗಳ ಅಥವಾ ಹಿರಿಯರ ಜೊತೆ ನೀರಿನ ಬಳಿಗೆ ಹೋಗಿ. ಬಾದಾಮಿಯವರಿಗೆ ಅಗಸ್ತ್ಯತೀರ್ಥದ ಮೆಟ್ಟಿಲುಗಳಿವೆ. ಬಾಗಲಕೋಟೆಯವರಿಗೆ ಘಟಪ್ರಭೆ ಮತ್ತು ಆಲಮಟ್ಟಿಯ ಹಿನ್ನೀರು ಇದೆ. ಹುನಗುಂದದ ಕಡೆಯವರಿಗೆ ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವಿದೆ. ಇಳಕಲ್ಲಿನವರು ಊರ ಹಳ್ಳದ ದಡಕ್ಕೆ ಹೋಗಿ. ಗ್ರಾನೈಟ್ ಕಲ್ಲು ತೆಗೆದ ಕ್ವಾರಿ ಗುಂಡಿಗಳ ಹತ್ತಿರ ಮಾತ್ರ ಸುಳಿಯಬೇಡಿ. ಅವು ಬಹಳ ಆಳ. ಯಾರೂ ನೀರಿಗೆ ಇಳಿಯಬೇಡಿ.

ದಡದಲ್ಲಿ ಹದಿನೈದು ನಿಮಿಷ ಸುಮ್ಮನೆ ಕೂತು ಎಣಿಸಿ. ಯಾವ ಬಣ್ಣ? ರೆಕ್ಕೆ ಅಗಲಿಸಿದೆಯೋ ಮಡಿಚಿದೆಯೋ? ಜೊಂಡಿನ ಮೇಲೆ ಕಳಚಿದ ಪೊರೆ ಇದೆಯೇ? ದಿನಾಂಕ ಹಾಕಿ ಬರೆದಿಡಿ. ಹೆಸರು ತಿಳಿಯಲು ಕೆ. ಎ. ಸುಬ್ರಮಣಿಯನ್ ಅವರು ಬರೆದ ಚಿತ್ರಸಹಿತ ಇಂಗ್ಲಿಷ್ ಕೈಪಿಡಿ ಇದೆ. ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2005ರಲ್ಲಿ ಪ್ರಕಟಿಸಿತು. ನಿಮ್ಮ ಗುರುಗಳನ್ನು ಕೇಳಿ ನೋಡಿ.

ಇನ್ನೊಂದು ಕೆಲಸ. ಹುಳಗಳು ತಗ್ಗಿನಲ್ಲಿ ಹಾರಿದ ದಿನ ತರಗತಿಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಮಳೆ ಬಂದ ದಿನ ಇನ್ನೊಂದು ಗುರುತು ಹಾಕಿ. ಹುಳ ಹಾರಿದ ಎಷ್ಟು ದಿನ ಮಳೆ ಬಂತು? ಎಷ್ಟು ದಿನ ಬರಲಿಲ್ಲ? ಹುಳ ಹಾರದೆಯೂ ಮಳೆ ಬಂದದ್ದುಂಟೇ? ಮಳೆಗಾಲ ಮುಗಿದ ಮೇಲೆ ಲೆಕ್ಕ ಹಾಕಿ ಮುತ್ಯಾನಿಗೆ ಓದಿ ಹೇಳಿ. ಕಣ್ಣುಮುಚ್ಚಿ ನಂಬದೆ, ಕಣ್ಣುಮುಚ್ಚಿ ನಗದೆ, ಹೀಗೆ ಎಣಿಸಿ ನೋಡುವುದೇ ವಿಜ್ಞಾನ.

ನನ್ನ ವಾದ ಮುಗಿಯಿತು. ದಾರಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆ ಒಳ್ಳೆಯ ಕೆಲಸವಿದೆ. ಅದು ಇಳಕಲ್ಲಿನ ಮಗ್ಗದಲ್ಲಿ ಸೀರೆಯಾಗಲಿ. ಈ ಮಳೆಗಾಲದಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ನಿಮ್ಮ ಕೈಗೆ ಎಟಕುವಷ್ಟು ಹತ್ತಿರ ಬಂದು ಕುಳಿತಾಗ, ಏನು ಮಾಡುತ್ತೀರಿ? ತೀರ್ಮಾನ ನಿಮ್ಮದು.