ಬಾಗಿಲ ಮರೆಯಲ್ಲಿ ನಿಂತವರು



ಕಳೆದ ತಿಂಗಳು ಒಂದು ಸಂಜೆ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ನನ್ನ ಮೊಬೈಲಿಗೆ ಒಂದು ಹಳೆಯ ಛಾಯಾಚಿತ್ರವನ್ನು ಕಳುಹಿಸಿ, "ಅಜ್ಜಾ, ಇದು ನಮ್ಮ ಮನೆಯವರದ್ದಂತೆ. ಇದರಲ್ಲಿ ಯಾರು ಯಾರು ಇದ್ದಾರೆ?" ಎಂದು ಕೇಳಿದಳು. ನೋಡಿದರೆ ಅದು ನನ್ನದೇ ಪಟ! ಕೆಲವು ವರ್ಷಗಳ ಹಿಂದೆ ನಾನೇ ಅದನ್ನು ಸ್ಕ್ಯಾನ್ ಮಾಡಿಸಿ ಬಂಧುಗಳಿಗೆಲ್ಲ ಹಂಚಿದ್ದೆ. ಎಷ್ಟು ಕೈ ದಾಟಿತೋ, ಈಗ ನನ್ನ ಬಳಿಗೇ ಮರಳಿ ಬಂದಿತ್ತು. ಆದರೆ ಬಂದದ್ದು ಇಡೀ ಪಟವಲ್ಲ. ಯಾರೋ ಅದಕ್ಕೆ ಯಂತ್ರದಿಂದ ಬಣ್ಣ ಹಾಕಿದ್ದರು. ಎಡಬದಿಯ ಕತ್ತಲೆಯ ಭಾಗ ಅಂದಗೆಡಿಸುತ್ತದೆಂದು ಅದನ್ನು ಕತ್ತರಿಸಿದ್ದರು. ಆ ಕತ್ತಲೆಯಲ್ಲಿ ಒಬ್ಬರು ನಿಂತಿದ್ದರೆಂಬುದು ಕತ್ತರಿಸಿದವರಿಗೆ ತಿಳಿದಿರಲಿಲ್ಲ. ತಿಳಿಯುವಂತೆ ನಾನು ಹೇಳಿಯೂ ಇರಲಿಲ್ಲ.

ಅದು 1961ರಲ್ಲಿ ತೆಗೆಸಿದ ಪಟ. ಆಗ ನಮ್ಮ ಮನೆ ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. 1964ರಲ್ಲಿ ಅದು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು. ನಮ್ಮ ಮನೆ, ತೋಟ, ಗದ್ದೆಗಳು ನೀರಿನಡಿ ಸೇರಿದವು. ಊರು ಬಿಡುವ ಮುನ್ನ ಮನೆಯೆದುರು ಎಲ್ಲರೂ ಒಮ್ಮೆ ನಿಂತು ಪಟ ತೆಗೆಸಿಕೊಳ್ಳಬೇಕೆಂಬುದು ನನ್ನ ತಂದೆಯವರ ಆಸೆಯಾಗಿತ್ತು. ಪೇಟೆಯಿಂದ ಛಾಯಾಗ್ರಾಹಕರು ಬಂದರು. ಮೂರು ಕಾಲಿನ ಮರದ ಸ್ಟ್ಯಾಂಡು, ಅದರ ಮೇಲೆ ಪೆಟ್ಟಿಗೆಯಂಥ ಕ್ಯಾಮೆರಾ, ತಲೆಗೆ ಮುಸುಕಿಕೊಳ್ಳುವ ಕಪ್ಪು ಬಟ್ಟೆ. "ಅಲುಗಾಡಬೇಡಿ" ಎಂದು ಅವರು ಗದರಿದ್ದು ಇಂದಿಗೂ ಕಿವಿಯಲ್ಲಿದೆ. ಪಟದಲ್ಲಿ ಹದಿನಾಲ್ಕು ಮಂದಿ ಇದ್ದೇವೆ. ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕಾಲು ಮಡಿಚಿ ಕುಳಿತ ಎಂಟೊಂಬತ್ತು ವರ್ಷದ ಹುಡುಗ ನಾನು.

ಎಡಬದಿಯ ಬಾಗಿಲ ಮರೆಯಲ್ಲಿ, ದಾರಂದವನ್ನು ಹಿಡಿದ ಒಂದು ಕೈ ಮತ್ತು ಸೀರೆಯ ಅಂಚು ಮಾತ್ರ ಕಾಣುತ್ತದೆ. ಅದು ನನ್ನ ಸೋದರತ್ತೆಯದು, ತಂದೆಯವರ ಅಕ್ಕ. ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ, ಹನ್ನೊಂದಕ್ಕೆ ವಿಧವೆಯಾಗಿ ತವರಿಗೆ ಮರಳಿದವರು. ಆ ಬೆಳಿಗ್ಗೆ ನಮಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿದವರು, ನನ್ನ ಅಂಗಿಯ ಗುಂಡಿ ಹಾಕಿ ಪಟಕ್ಕೆ ಅಣಿಗೊಳಿಸಿದವರು ಅವರೇ. ಆದರೆ ಹೊಸ ಊರಿಗೆ ಹೊರಡುವ ಶುಭ ಗಳಿಗೆಯ ಪಟದಲ್ಲಿ ಅವರು ನಿಲ್ಲುವಂತಿರಲಿಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅವರ ಬೇರೊಂದು ಛಾಯಾಚಿತ್ರ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಈಗ ಈ ಕೈಯೂ ಕತ್ತರಿಗೆ ಸಿಕ್ಕಿತ್ತು.

ಪಟವನ್ನು ಕಳುಹಿಸುವುದು ಬೇರೆ, ಹಂಚಿಕೊಳ್ಳುವುದು ಬೇರೆ ಎಂಬ ನನ್ನ ಅಭಿಪ್ರಾಯಕ್ಕೆ ಈ ಘಟನೆಯೇ ಆಧಾರ. ಮೊಬೈಲು ಬಂದ ಮೇಲೆ ಒಂದು ಪಟವನ್ನು ನೂರು ಜನರಿಗೆ ಕಳುಹಿಸಲು ಅರೆಗಳಿಗೆ ಸಾಕು. ಆದರೆ ನೂರು ಕಡೆ ಹೋಗುವುದು ಚಿತ್ರ ಮಾತ್ರ. ಅದರ ಹಿಂದಿನ ತಿಳಿವಳಿಕೆ ಹೇಳಬಲ್ಲವರ ತಲೆಯಲ್ಲಿಯೇ ಉಳಿದು, ಅವರೊಂದಿಗೇ ಹೊರಟುಹೋಗುತ್ತದೆ. ಹಿಂದೆ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದ ಕಾಲದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಪಟಗಳು ಕಡಿಮೆಯಿದ್ದುದರಿಂದ ಮನೆಗೆ ನೆಂಟರು ಬಂದಾಗಲೆಲ್ಲ ಅದೇ ಆಲ್ಬಮ್ ಹೊರಬರುತ್ತಿತ್ತು, ಅದೇ ಕಥೆ ಮತ್ತೆ ಮತ್ತೆ ಹೇಳಲ್ಪಡುತ್ತಿತ್ತು. ಪುನರಾವರ್ತನೆಯಿಂದ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆಂಬುದನ್ನು ಉಪಾಧ್ಯಾಯನಾದ ನಾನು ಹೇಳಬೇಕಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಹದಿನಾಲ್ಕು ಮಂದಿಯಲ್ಲಿ ಇಬ್ಬರು ಯಾರೆಂಬುದು ಇಂದು ನನಗೆ ಗೊತ್ತಿಲ್ಲ. ತಂದೆಯವರಿಗೆ ಗೊತ್ತಿತ್ತು. ಪಟ ಅವರ ಕೋಣೆಯ ಗೋಡೆಯ ಮೇಲೆಯೇ ಇತ್ತು. ನಾನು ಕೇಳಲಿಲ್ಲ. ನಿಮಗೆಲ್ಲ ನೆನಪಿರಬಹುದು, ನಾನು ಇತಿಹಾಸ ಬೋಧಿಸುತ್ತಿದ್ದೆ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ಮೈಸೂರು ಸಂಸ್ಥಾನವು 1894ರಲ್ಲಿಯೇ ನಿಷೇಧಿಸಿತೆಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಎಂಟರ ಗಡಿ ದಾಟಿ ಒಂಬತ್ತಕ್ಕೆ ಮದುವೆಯಾಗಿದ್ದ ನನ್ನ ಅತ್ತೆ, ನಾನು ಉಪಾಧ್ಯಾಯನಾದ ಮೇಲೂ ಕೆಲವು ವರ್ಷ ಬದುಕಿದ್ದರು. ಸಂಜೆ ಶಾಲೆಯಿಂದ ಬಂದು ಅವರ ಕೈಯ ಕಾಫಿ ಕುಡಿಯುತ್ತಿದ್ದೆ. ಅವರ ಬಾಲ್ಯದ ಬಗ್ಗೆ ಒಂದು ದಿನವಾದರೂ ಪ್ರಶ್ನಿಸಲಿಲ್ಲ. ಅವರ ಹೆಸರು ಕೂಡ ನನಗೆ ತಿಳಿದಿರಲಿಲ್ಲ. ಎಲ್ಲರಿಗೂ ಅವರು ಅತ್ತೆ. ಬಹುಕಾಲದ ನಂತರ ನನ್ನ ತಾಯಿಯವರನ್ನು ಕೇಳಿದಾಗ, ಅವರೂ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಹೇಳಿದರು.

ಮೊಮ್ಮಗಳಿಗೆ ಇಡೀ ಪಟವನ್ನು ಮತ್ತೆ ಕಳುಹಿಸಿ, ಫೋನಿನಲ್ಲಿ ಒಂದು ಗಂಟೆ ಈ ಕಥೆಯನ್ನೆಲ್ಲ ಹೇಳಿದೆ. ವಿಷಯ ತಿಳಿದ ನನ್ನ ಬಂಧುವೊಬ್ಬರು ಬೇಸರಪಟ್ಟರು. "ಹೋದವರ ದುಃಖವನ್ನು ಎಳೆಯರ ಮುಂದೆ ಏಕೆ ಕೆದಕಬೇಕು? ನಮ್ಮ ಹಿರಿಯರು ಕೆಟ್ಟವರೆಂದು ಅವರಿಗೆ ಅನ್ನಿಸುವುದಿಲ್ಲವೇ?" ಎಂಬುದು ಅವರ ಆಕ್ಷೇಪ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆಯೊಳಗೆ ಹೇಳುವ ಮಾತಿಗೂ ಊರೆಲ್ಲ ಸಾರುವ ಮಾತಿಗೂ ಅಂತರವಿದೆ. ಬದುಕಿರುವವರ ಪಟವನ್ನು ಅವರನ್ನು ಕೇಳದೆ ಹಂಚುವುದೂ ಸರಿಯಲ್ಲ. ಆದರೆ ನಗುಮುಖದ ಪಟಗಳನ್ನಷ್ಟೇ ತೋರಿಸಿ, "ಕೂಡುಕುಟುಂಬವೆಂದರೆ ಸ್ವರ್ಗ, ಆ ಕಾಲ ಇನ್ನು ಬಾರದು" ಎಂದು ನಿಟ್ಟುಸಿರಿಡುವುದು ಮಕ್ಕಳಿಗೆ ಹೇಳುವ ಅರ್ಧ ಸುಳ್ಳು. ನನ್ನ ತಂದೆಯವರು ಕೆಟ್ಟವರಲ್ಲ. ಅಕ್ಕನನ್ನು ಕೊನೆಯವರೆಗೂ ಗೌರವದಿಂದ ನೋಡಿಕೊಂಡರು. ಆದರೂ ಆ ದಿನ ಅವರನ್ನು ಹೊರಗೆ ಕರೆಯಲಿಲ್ಲ. ಈ ಎರಡೂ ಮಾತು ನಿಜ. ಎರಡನ್ನೂ ಒಟ್ಟಿಗೆ ತಿಳಿಯುವ ಶಕ್ತಿ ಮಕ್ಕಳಿಗಿದೆ. ಕಥೆ ಕೇಳಿದ ಮೇಲೆ ಮೊಮ್ಮಗಳು ಹಿರಿಯರನ್ನು ಬೈಯಲಿಲ್ಲ. "ಅಜ್ಜಾ, ಅವರ ಹೆಸರೇನು?" ಎಂದು ಮಾತ್ರ ಕೇಳಿದಳು.

"ಈಗಿನ ಮಕ್ಕಳಿಗೆ ಹಳೆಯದರಲ್ಲಿ ಆಸಕ್ತಿಯಿಲ್ಲ" ಎಂಬ ಮಾತನ್ನು ನಮ್ಮ ವಯಸ್ಸಿನವರು ಪದೇ ಪದೇ ಆಡುತ್ತೇವೆ. ನನಗೆ ಅದು ಒಪ್ಪಿಗೆಯಾಗದು. ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಎಂಬ ಸಂಗ್ರಹವನ್ನು 2010ರಲ್ಲಿ ಅನುಷಾ ಯಾದವ್ ಅವರು ಆರಂಭಿಸಿದರು. ಅಲ್ಲಿ ಸಾಮಾನ್ಯ ಕುಟುಂಬಗಳ ಹಳೆಯ ಪಟಗಳಿವೆ. ಆದರೆ ಯಾವ ಪಟವೂ ಒಂಟಿಯಾಗಿಲ್ಲ, ಅದರೊಂದಿಗೆ ಮನೆಯವರು ಹೇಳಿದ ಕಥೆಯೂ ಇದೆ. ಅಂಥ ದೊಡ್ಡ ಕೆಲಸ ನಮ್ಮಿಂದಾಗದಿರಬಹುದು. ನಮ್ಮ ಮನೆಯ ಮಟ್ಟಿಗೆ ಆಗುವಂಥದನ್ನು ಹೇಳುತ್ತೇನೆ.

ಪಟದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗುರುತು ಮುಂದಕ್ಕೆ ಮೂಡುತ್ತದೆ. "ಅಜ್ಜಿ", "ದೊಡ್ಡಪ್ಪ" ಎಂದಷ್ಟೇ ಬರೆದರೆ ಸಾಲದು, ಯಾರ ಅಜ್ಜಿ? ಪೂರ್ಣ ಹೆಸರು, ಊರು, ಗೊತ್ತಿದ್ದರೆ ಇಸವಿ, ಈ ವಿವರ ಹೇಳಿದವರು ಯಾರು ಎಂಬುದನ್ನೂ ಸೇರಿಸಿ. ಗೊತ್ತಿಲ್ಲದವರ ಜಾಗದಲ್ಲಿ "ತಿಳಿಯದು" ಎಂದೇ ಬರೆಯಿರಿ, ಊಹಿಸಬೇಡಿ. ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸದೆ ಇಡಿಯಾಗಿ, ಹಿಂದು ಮುಂದು ಎರಡನ್ನೂ ಮಾಡಿಸಿ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಸೂಕ್ಷ್ಮಗಳು ಮಾಸುತ್ತವೆ; ಮೂಲಪ್ರತಿಯನ್ನು ಬೇರೆಯಾಗಿ ಕಾಪಾಡಿ. ಯಂತ್ರ ತುಂಬುವ ಬಣ್ಣ ಊಹೆಯೇ ಹೊರತು ಸಾಕ್ಷಿಯಲ್ಲ. ಅಂಟು ಹಾಳೆಯ ಆಲ್ಬಮ್‌ಗಳಲ್ಲಿ ಪಟಗಳು ಕಾಲಕ್ರಮೇಣ ಹಾಳಾಗುತ್ತವೆ. ಬಣ್ಣದ ಪಟಗಳಂತೂ ಬೆಳಕಿಗೆ ಬೇಗ ಮಾಸುತ್ತವೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಗೋಡೆಗೆ ತಗುಲಿಸಿದ ಪಟಕ್ಕೆ ಬೂಷ್ಟು ಹಿಡಿಯುವುದು ಖಂಡಿತ.

ಎಲ್ಲಕ್ಕಿಂತ ಮುಖ್ಯವಾದದ್ದು, ಪಟವನ್ನು ಕೈಯಲ್ಲಿ ಹಿಡಿದು ಹಿರಿಯರ ಪಕ್ಕ ಕುಳಿತುಕೊಳ್ಳುವುದು. ಮೊಬೈಲಿನಲ್ಲಿ ಅವರ ಧ್ವನಿಯನ್ನು ಮುದ್ರಿಸಿಕೊಳ್ಳಿ. "ಇವರು ಯಾರು?" ಎಂದು ಕೇಳಿ. ಆಮೇಲೆ, "ಇದರಲ್ಲಿ ಇಲ್ಲದವರು ಯಾರು? ಏಕಿಲ್ಲ?" ಎಂದೂ ಕೇಳಿ. ಅಡಿಗೆಮನೆಯಲ್ಲಿದ್ದವರು, ಬಾಗಿಲ ಹಿಂದಿದ್ದವರು, ಅಂಗಳದಾಚೆ ಕೆಲಸದಲ್ಲಿದ್ದವರು, ಪಟ ತೆಗೆಸುವ ಮೊದಲೇ ತೀರಿಕೊಂಡ ಮಕ್ಕಳು, ಇವರೆಲ್ಲರೂ ಆ ಮನೆಯವರೇ. ನಾಳೆ ಕೇಳೋಣವೆಂದರೆ ನಾಳೆ ಹೇಳುವವರಿರುತ್ತಾರೆಂಬ ಭರವಸೆಯಿಲ್ಲ.

ಮೊನ್ನೆ ಗೋಡೆಯಿಂದ ಆ ಪಟವನ್ನು ಇಳಿಸಿ, ಚೌಕಟ್ಟು ಬಿಚ್ಚಿ, ಹಿಂದೆ ಪೆನ್ಸಿಲಿನಿಂದ ಹನ್ನೆರಡು ಹೆಸರು ಬರೆದೆ. ಎರಡು ಕಡೆ "ತಿಳಿಯದು" ಎಂದು ಬರೆದೆ. ಆಮೇಲೆ, "ಬಾಗಿಲ ಬಳಿಯ ಕೈ" ಎಂದು ಬರೆದು, ಅದರ ಮುಂದೆ ಅತ್ತೆಯ ಹೆಸರನ್ನು ಪೂರ್ತಿಯಾಗಿ ಬರೆದೆ. ಅದನ್ನು ನನ್ನ ಕೈಯಾರೆ ಬರೆದದ್ದು ಅದೇ ಮೊದಲು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನೀವೂ ಒಂದೇ ಒಂದು ಪಟವನ್ನು ಹೀಗೆ ಪೂರ್ಣಗೊಳಿಸಿ. ಹಳೆಯ ಮೇಷ್ಟರು ಕೊಡುವ ಮನೆಗೆಲಸವೆಂದು ತಿಳಿಯಿರಿ.