ಅಕ್ಷರ ಕಂಡಮಾತ್ರಕ್ಕೆ ಪಠ್ಯ ಸಿಕ್ಕಂತಲ್ಲ

ಹೊರನಾಡಿನಲ್ಲಿ ಕನ್ನಡವನ್ನು ಅಚ್ಚು ಹಾಕಿಸಿದವರಿಗೆ ಒಂದು ಪೇಚು ಚಿರಪರಿಚಿತ. ವಿಜಯವಾಡದ ಗವರ್ನರ್‌ಪೇಟೆಯ ಡಿಟಿಪಿ ಅಂಗಡಿಯಲ್ಲಿ ತೆಲುಗಿನ ಅನು ಫಾಂಟುಗಳು ಇರಬಹುದು. ನುಡಿ, ಬರಹ ಅಥವಾ ಶ್ರೀಲಿಪಿಯ ಕನ್ನಡ ಫಾಂಟುಗಳು ಇರುತ್ತವೆಂಬ ಭರವಸೆಯಿಲ್ಲ. ಆದ್ದರಿಂದ ರಾಜ್ಯೋತ್ಸವದ ಆಮಂತ್ರಣವನ್ನೋ ಸಂಘದ ಸ್ಮರಣ ಸಂಚಿಕೆಯನ್ನೋ ಬೆಂಗಳೂರಿನಲ್ಲಿ ವಿನ್ಯಾಸ ಮಾಡಿಸಿ, ಅಕ್ಷರಗಳನ್ನು ‘ಕರ್ವ್’ ಮಾಡಿ ತರಿಸಿಕೊಳ್ಳುವುದು ರೂಢಿ. ಕರ್ವ್ ಮಾಡುವುದೆಂದರೆ ಪ್ರತಿ ಅಕ್ಷರವನ್ನೂ ರೇಖಾಚಿತ್ರವಾಗಿ ಪರಿವರ್ತಿಸುವುದು. ಆಮೇಲೆ ಫಾಂಟಿನ ಹಂಗಿಲ್ಲದೆ ಯಾವ ಊರಿನ ಯಂತ್ರದಲ್ಲಾದರೂ ಅಚ್ಚು ಸೊಗಸಾಗಿ ಮೂಡುತ್ತದೆ. ಆದರೆ ಆ ಕಡತದೊಳಗೆ ಕನ್ನಡ ಪಠ್ಯ ಉಳಿದಿರುವುದಿಲ್ಲ; ಕನ್ನಡದ ಆಕಾರ ಹೊತ್ತ ಗೆರೆಗಳಷ್ಟೇ ಉಳಿದಿರುತ್ತವೆ.

ಇಷ್ಟು ದಿನ ಇದು ಮುದ್ರಣಾಲಯದ ಒಳಗಿನ ಸಂಗತಿಯಾಗಿತ್ತು. ಈಗ ಇಂಥ ಕಡತಗಳನ್ನು ಓದುವುದಕ್ಕೆ ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಬಂದಿವೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ಕ್ರಮವೊಂದನ್ನು ಪ್ರಕಟಿಸಿತು. ಭಾಷಾ ಮಾದರಿಯೊಂದು ಹೊರಗಿನ ಕಡತ, ದತ್ತಾಂಶ, ತಂತ್ರಾಂಶಗಳನ್ನು ತಲುಪುವ ಬಗೆಯನ್ನು ಅದು ನಿಗದಿಪಡಿಸುತ್ತದೆ. 2025ರಲ್ಲಿ ವಿನ್ಯಾಸ ತಂತ್ರಾಂಶವಾದ ಫಿಗ್ಮಾ ಕೂಡ ಈ ಕ್ರಮಕ್ಕೆ ಹೊಂದುವ ಸೇವೆಯನ್ನು ತೆರೆಯಿತು. ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಯಾವ ಸಾಧನವನ್ನು ಕರೆಯಬೇಕು, ಅದು ಕೊಟ್ಟ ಉತ್ತರವನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ಏಜೆಂಟು ಬಹುಮಟ್ಟಿಗೆ ಆ ವಿವರಣೆಯನ್ನು ಓದಿಯೇ ನಿರ್ಧರಿಸುತ್ತದೆ. ಹಿಂದೆ ಕೈಪಿಡಿಯನ್ನು ಯಾರೂ ಓದದಿದ್ದರೂ ಯಂತ್ರ ನಡೆಯುತ್ತಿತ್ತು. ಈಗ ಕೈಪಿಡಿಯೇ ಯಂತ್ರದ ಒಂದು ಭಾಗ.

‘ಕಡತದಲ್ಲಿರುವ ಪಠ್ಯವನ್ನು ಕೊಡುತ್ತದೆ’ ಎಂಬ ಒಂದು ಸಾಲಿನ ವಿವರಣೆ ಇಂಗ್ಲಿಷಿಗೆ ಬಹುಪಾಲು ಸಾಕಾದೀತು. ಕನ್ನಡದ ಮಟ್ಟಿಗೆ ಅದು ಅರ್ಧಸತ್ಯವೆಂಬುದು ನನ್ನ ವಾದ.

ಮೊದಲು ನುಡಿಯ ಹಳೆಯ ಫಾಂಟುಗಳನ್ನೇ ನೋಡೋಣ. ಅವು ಕನ್ನಡದ ಬಿಡಿ ಆಕಾರಗಳನ್ನು ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕೂಡಿಸಿಟ್ಟವು. ‘ಕನ್ನಡ’ ಎಂಬ ಪದ ಯುನಿಕೋಡಿನಲ್ಲಿ ಐದು ಸಂಕೇತಗಳಾದರೆ, ನುಡಿಯ ಹಳೆಯ ಕ್ರಮದಲ್ಲಿ ಏಳು. ಅವುಗಳ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆಯೂ ಒಂದು! ಪೇಜ್‌ಮೇಕರ್ ಕಾಲದ ಪುಟಗಳಿಂದ ಸಾಧನವೊಂದು ‘ಪಠ್ಯ’ವೆಂದು ಎತ್ತಿಕೊಡುವುದು ಈ ಕಲಸುಮೇಲೋಗರವನ್ನೇ. ಪರಿವರ್ತಕಗಳು ಇವೆ, ನಿಜ. ಆದರೆ ಅರ್ಕಾವೊತ್ತು ಹಳೆಯ ಕ್ರಮದಲ್ಲಿ ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ, ಯುನಿಕೋಡಿನಲ್ಲಿ ಉಚ್ಚಾರಣೆಯಂತೆ ಮೊದಲು ಬರುತ್ತದೆ. ಈ ಸ್ಥಳಾಂತರವನ್ನು ಅರಿಯದ ಪರಿವರ್ತಕ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡಿ ಒಪ್ಪಿಸುತ್ತದೆ.

ಎರಡನೆಯ ತೊಡಕು ಹೊಸ ಕಡತಗಳದ್ದು. ಫಿಗ್ಮಾದಲ್ಲಿ ಪ್ರತಿ ಪದರಕ್ಕೊಂದು ಹೆಸರಿರುತ್ತದೆ, ಪಠ್ಯ ಬೇರೆಯೇ ಇರುತ್ತದೆ. ಒಮ್ಮೆ ಹೆಸರನ್ನು ಕೈಯಾರೆ ಬದಲಿಸಿದರೆ, ಆಮೇಲೆ ಪಠ್ಯವನ್ನು ತಿದ್ದಿದರೂ ಹೆಸರು ಹಳೆಯದೇ. ಸಾಧನವು ಕೊಡುವುದು ಹೆಸರನ್ನೋ ಪಠ್ಯವನ್ನೋ? ಮರೆಮಾಡಿದ ಪದರಗಳನ್ನೂ ಸೇರಿಸಿಕೊಳ್ಳುತ್ತದೆಯೋ? ವಿವರಣೆಯಲ್ಲಿ ಇಲ್ಲದಿದ್ದರೆ ಏಜೆಂಟಿಗೆ ತಿಳಿಯದು. ಆಂಧ್ರದಲ್ಲಿರುವ ನಮಗೆ ಇನ್ನೊಂದು ಸೂಕ್ಷ್ಮವೂ ಇದೆ. ಯುನಿಕೋಡಿನಲ್ಲಿ ತೆಲುಗು ಮತ್ತು ಕನ್ನಡ ತಲಾ 128 ಸ್ಥಾನಗಳ ಅಕ್ಕಪಕ್ಕದ ಮನೆಗಳು. ಎರಡರ ಅನುಸ್ವಾರವೂ ಕಣ್ಣಿಗೆ ಒಂದೇ ಸೊನ್ನೆ, ಸಂಕೇತ ಬೇರೆ. ತೆಲುಗು ಕೀಲಿಮಣೆಯ ಸೊನ್ನೆ ಕನ್ನಡ ಪದದೊಳಗೆ ನುಸುಳಿದರೆ ಕರಡು ತಿದ್ದುವವರಿಗೆ ಗೊತ್ತಾಗದು, ಹುಡುಕಾಟಕ್ಕೆ ಆ ಪದ ಸಿಗದು.

‘ಭಾಷಾ ಮಾದರಿಗಳು ಇಂಥ ಕಲಸುಮೇಲೋಗರವನ್ನೂ ಬಿಡಿಸಬಲ್ಲವು, ಚಿತ್ರದಿಂದಲೂ ಓದಬಲ್ಲವು, ಇಷ್ಟೆಲ್ಲ ವಿವರಣೆ ಏಕೆ?’ ಎಂದು ಕೇಳುವವರಿದ್ದಾರೆ. ಬಿಡಿಸಬಲ್ಲವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತೊಂದರೆ ಇರುವುದು ಆ ಸಾಮರ್ಥ್ಯದಲ್ಲಿಯೇ. ಬಲ್ಲ ಮನುಷ್ಯ ಓದಲಾಗದ ಕಡೆ ತಡವರಿಸುತ್ತಾನೆ. ಮಾದರಿ ಹಾಗೆ ತಡವರಿಸದೆ, ನಿರರ್ಗಳವಾದ ಒಂದು ವಾಕ್ಯದಿಂದ ತೆರಪನ್ನು ತುಂಬಿಬಿಡಬಹುದು. ಲೇಖನದ ನಡುವಿನ ಒಂದು ಪದ ಹೀಗೆ ಊಹೆಯಿಂದ ಬಂದರೆ ಅರ್ಥ ಕೆಡದಿರಬಹುದು. ಸ್ಮರಣ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ, ತೀರಿಕೊಂಡ ಹಿರಿಯರಿಗೆ ಸಲ್ಲಿಸಿದ ನುಡಿನಮನದಲ್ಲಿ, ಊಹಿಸಿದ ಹೆಸರು ಸುಳ್ಳು ಹೆಸರೇ. ಹೊರನಾಡ ಸಂಘವೊಂದರ ಚರಿತ್ರೆ ಬಹುಮಟ್ಟಿಗೆ ಇಂಥ ಸಂಚಿಕೆಗಳಲ್ಲಿಯೇ ಇರುತ್ತದೆ. ಅದನ್ನು ತಾಳೆ ನೋಡಲು ಬೇರೆ ಆಕರ ಸಿಗುವುದು ಅಪರೂಪ.

ಆದ್ದರಿಂದ ಇಂಥ ಸಾಧನಗಳನ್ನು ರೂಪಿಸುವವರು ತಮ್ಮ ವಿವರಣೆಯಲ್ಲಿ ಸಾಮರ್ಥ್ಯದ ಜೊತೆಗೆ ಮಿತಿಯನ್ನೂ ಬರೆಯಬೇಕು. ಯುನಿಕೋಡಲ್ಲದ ಫಾಂಟು ಎದುರಾದರೆ ಅದರ ಹೆಸರನ್ನು ಉತ್ತರದೊಂದಿಗೆ ತಿಳಿಸುತ್ತದೆಯೇ? ಅಂಕಣಗಳನ್ನು ಯಾವ ಅನುಕ್ರಮದಲ್ಲಿ ಓದುತ್ತದೆ? ‘ಪಠ್ಯವಿಲ್ಲ’ ಎಂದರೆ ಪುಟ ಖಾಲಿಯೆಂದೋ, ಅಕ್ಷರಗಳು ಕರ್ವ್ ಆಗಿವೆಯೆಂದೋ? ಕಡತದಿಂದ ಎತ್ತಿದ್ದು ಯಾವುದು, ಚಿತ್ರ ನೋಡಿ ಊಹಿಸಿದ್ದು ಯಾವುದು? ಈ ನಾಲ್ಕಕ್ಕೆ ಉತ್ತರವಿಲ್ಲದ ಕೈಪಿಡಿ ಕನ್ನಡದ ಕೆಲಸಕ್ಕೆ ಬಾರದು.

ನಮ್ಮ ಪಾಲಿನ ಕೆಲಸವೂ ಇದೆ. ಸರ್ಕಾರಿ ಕಡತಕ್ಕೆ ಪತ್ರವ್ಯವಹಾರದ ಭಾಗವಿರುವಂತೆ ಟಿಪ್ಪಣಿಯ ಭಾಗವೂ ಇರುತ್ತದೆ. ಟಿಪ್ಪಣಿ ಕಳೆದುಹೋದರೆ ಆದೇಶದ ಹಿಂದಿನ ಕಾರಣ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ನೌಕರಿ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಘದ ಪ್ರತಿ ಸಂಚಿಕೆಯ ವಿನ್ಯಾಸ ಕಡತದ ಜೊತೆಗೂ ಅಂಥದೊಂದು ಪುಟವಿರಲಿ: ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಫಾಂಟು, ಅಚ್ಚಿಗೆ ಹೋದ ಅಂತಿಮ ಪ್ರತಿ ಯಾವುದು, ಕರಡು ತಿದ್ದಿದವರು ಯಾರು. ಕರ್ವ್ ಮಾಡುವ ಮುನ್ನ ಮೂಲ ಪಠ್ಯದ ಯುನಿಕೋಡ್ ಪ್ರತಿಯೊಂದನ್ನು ತೆಗೆದಿಡಲು ವಿನ್ಯಾಸಕಾರರನ್ನು ಕೇಳಿಕೊಳ್ಳೋಣ. ಹಣ ಕೊಡುವಾಗಲೇ ಕೇಳಿದರೆ ಅದು ಹತ್ತು ನಿಮಿಷದ ಕೆಲಸ. ಹಳೆಯ ಸಂಚಿಕೆಗಳ ಮಟ್ಟಿಗೆ, ಅವನ್ನು ಟೈಪು ಮಾಡಿದವರು, ಪುಟ ಕಟ್ಟಿದವರು ನಮ್ಮ ನಡುವೆ ಇರುವಾಗಲೇ ಈ ಟಿಪ್ಪಣಿಯನ್ನು ಬರೆಸಿಕೊಳ್ಳಬೇಕು.